ಹಿಂಡಬಾರದ ಬಟ್ಟೆ

ಮನೆಯಿಂದ
ತಾರೀಕು ಹದಿನೇಳು, ಬುಧವಾರ

ತಂಗೀ,

ಕಾಗದ ನೋಡಿ ಎದೆ ಹಿಡಿದುಕೊಳ್ಳಬೇಡ, ಯಾರೂ ಸತ್ತಿಲ್ಲ. ನಾನು ಗಟ್ಟಿಯಾಗಿಯೇ ಇದ್ದೇನೆ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಎರಡು ಸಲ ಮಾಡಿದೆ. ಎರಡು ಸಲವೂ ನಿನ್ನ ಮಗಳೇ ಎತ್ತಿದಳು. ನನ್ನ ಮಡಿಲಲ್ಲಿ ಬೆಳೆದ ಹುಡುಗಿ, ಆಸ್ಪತ್ರೆಯ ಕೌಂಟರಿನಲ್ಲಿ ಕೂತವರ ಹಾಗೆ "ಏನು ವಿಷಯ ದೊಡ್ಡಮ್ಮ?" ಅಂದಳು. ರೇಗಿಹೋಗಿ ಇಟ್ಟುಬಿಟ್ಟೆ. ಫೋನಿನಲ್ಲಿ ನನ್ನ ಬಾಯಿ ನನಗಿಂತ ಮುಂದೆ ಓಡುತ್ತದೆ. ಬರೆಯುವಾಗ ಆ ಭಯವಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆಮೇಲೆ ಇಪ್ಪತ್ತೆಂಟು ವರ್ಷ ಬರೆದದ್ದೆಲ್ಲ ಬಟ್ಟೆ ಒಗೆಯುತ್ತಿದ್ದ ಲಾಡ್ಜಿನ ಟವೆಲುಗಳ ಮೂಲೆಯಲ್ಲಿ ರೂಮ್ ನಂಬರು. ಒಂದು ಸಾಲು ಮುಗಿಸುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ.

ಮೊದಲು ಕೆಲಸದ ವಿಷಯ. ಶಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗಿಡದಂಗಡಿಯವನಿಗೆ ಒಂಬತ್ತು ಕುಂಡ ಒಪ್ಪಿಕೊಂಡಿದ್ದೆಯಲ್ಲ, ನೆನಪಿದೆಯೇ? ಹೊಸ ಗ್ರಂಥಾಲಯದ ಮೆಟ್ಟಿಲಿಗೆ ಇಡಲು, ತಿಂಗಳ ಕೊನೆಯೊಳಗೆ. ನೀನು ಹೋಗಿ ಎರಡು ವಾರವಾಗಿರಲಿಲ್ಲ, ಬಂದು ಬಾಗಿಲಲ್ಲಿ ನಿಂತ. "ಎಲ್ಲಜ್ಜಿ ನಿಮ್ ತಂಗಿ?" ಅಂದ. ಮಗಳ ಮನೆಗೆ ಹೋಗಿದ್ದಾಳೆ, ನಾಳೆ ನಾಡಿದ್ದು ಬರ್ತಾಳೆ ಅಂದೆ. "ಹೋದ್ ವಾರ ಅಂಗಡಿ ಹತ್ರ ಸಿಕ್ಕಾಗ್ಲೂ ನಾಳೆ ನಾಡಿದ್ದು ಅಂದ್ರಿ" ಅಂದ. "ನಾಳೆ ನಾಡಿದ್ದು ದಿನಾ ಬರುತ್ತಲ್ಲಪ್ಪ, ನಿಂಗೇನು ಕೊರತೆ?" ಅಂತ ಕಳಿಸಿದೆ. ಅವನು ಹೋಗುತ್ತ ಒಂದು ಮಾತು ಹೇಳಿದ. ತಿಂಗಳ ಕೊನೆಗೆ ಕುಂಡ ಬರದಿದ್ದರೆ ಪ್ಲಾಸ್ಟಿಕ್ಕಿನವು ಇಡುತ್ತಾನಂತೆ, ಇನ್ನು ಮೇಲೆ ನಿನ್ನನ್ನು ಕೇಳುವುದಿಲ್ಲವಂತೆ. ನಿನಗೆ ಸಿಕ್ಕ ಮೊದಲನೇ ದೊಡ್ಡ ಆರ್ಡರು ಅದು. ಒಪ್ಪಿಕೊಂಡ ದಿನ ಚಿಕ್ಕ ಹುಡುಗಿಯ ಹಾಗೆ ಅಡುಗೆಮನೆಗೂ ಹಿತ್ತಿಲಿಗೂ ಓಡಾಡುತ್ತಿದ್ದೆ. ಅದನ್ನು ಹೇಗೆ ಹಾಳಾಗಲು ಬಿಡಲಿ? ಸುಮ್ಮನಿರಲಾರದೆ ನಾನೇ ಮಾಡುತ್ತೇನೆ ಅಂದುಕೊಂಡೆ.

ನಗಬೇಡ.

ಏನು ಮಹಾ ಅಂದುಕೊಂಡಿದ್ದೆ. ಹಳೇ ಟವೆಲ್ಲು, ಸಿಮೆಂಟು, ನೀರು. ಎರಡು ವರ್ಷ ನೀನು ಮಾಡುವುದನ್ನು ಕಟ್ಟೆಯ ಮೇಲೆ ಕೂತು ನೋಡಿದ್ದೇನೆ. ಬೋರಲು ಬಕೆಟ್ಟಿನ ಮೇಲೆ ಒದ್ದೆ ಟವೆಲ್ ಹೊದಿಸಿ, ಬೆರಳ ತುದಿಯಲ್ಲಿ ನೆರಿಗೆ ಹಿಡಿದು, ಎರಡು ದಿನ ಬಿಟ್ಟು ತಿರುಗಿಸಿ ಇಡುತ್ತಿದ್ದೆ. ಇಷ್ಟೇ ತಾನೇ? ಸಿಮೆಂಟು ಕಲಸಿದೆ. ಟವೆಲ್ ಅದ್ದಿದೆ. ಎತ್ತಿದೆ. ಎತ್ತಿದ ಮೇಲೆ ಏನು ಮಾಡಿದೆ ಗೊತ್ತೇ? ಹಿಂಡಿದೆ.

ನಾನು ಬೇಕೆಂದು ಹಿಂಡಲಿಲ್ಲ ಕಣೇ. ನೀರಿನಿಂದ ಬಟ್ಟೆ ಮೇಲೆದ್ದರೆ ಈ ಕೈ ಹಿಂಡುತ್ತದೆ, ನನ್ನನ್ನು ಕೇಳುವುದಿಲ್ಲ. ದಿನಕ್ಕೆ ಇನ್ನೂರು ಟವೆಲ್ ಹಿಂಡಿದ ಕೈ. ಕುಡಿದ ಸಿಮೆಂಟೆಲ್ಲ ಬಾಣಲೆಗೇ ವಾಪಸು ಹೋಯಿತು. ಅದನ್ನೇ ಬಕೆಟ್ಟಿನ ಮೇಲೆ ಹೊದಿಸಿ ಎರಡು ದಿನ ಬಿಟ್ಟು ತಿರುಗಿಸಿದರೆ, ಒಣಗಿದ ಎಲೆಯ ಹಾಗೆ ಕೈಯಲ್ಲೇ ಮುರಿಯಿತು. ಆಗ ನೀನು ಹೇಳುತ್ತಿದ್ದದ್ದು ನೆನಪಾಯಿತು. ಒಂದು ದಿನ ನಿನಗೆ ಸಹಾಯ ಮಾಡಲು ಬಂದು ಇದೇ ತಪ್ಪು ಮಾಡಿದ್ದೆ. ನೀನು ನನ್ನ ಮಣಿಕಟ್ಟು ಹಿಡಿದು "ಅಕ್ಕಾ, ಹಿಂಡ್ಬೇಡ್ವೇ, ಅದು ಕುಡೀಲಿ ಬಿಡು" ಅಂದಿದ್ದೆ. ನಾನು "ಕುಡಿದು ಏನು ಕುಣಿಯುತ್ತಾ?" ಅಂತ ರೇಗಿ ಎದ್ದುಹೋಗಿದ್ದೆ. ಮಾತು ನೆನಪಾದ ಮೇಲೂ ಎರಡನೆಯದನ್ನು ಹಿಂಡಿದೆ. ಮೂರನೆಯದಕ್ಕೆ ಎರಡು ಕೋಲಿನಿಂದ ಎತ್ತಿದೆ, ಕೈಗೆ ಬಟ್ಟೆ ಸಿಗದ ಹಾಗೆ.

ಮೂರನೆಯದು ಗಟ್ಟಿಯಾಯಿತು. ಎಷ್ಟು ಗಟ್ಟಿಯಾಯಿತೆಂದರೆ, ಬಕೆಟ್ ಬಿಟ್ಟು ಬರಲೇ ಇಲ್ಲ. ಬಕೆಟ್ಟಿನ ಮೇಲೆ ಮೊದಲು ಪ್ಲಾಸ್ಟಿಕ್ ಹಾಳೆ ಹೊದಿಸಬೇಕು ಅನ್ನುವುದನ್ನು ಮರೆತಿದ್ದೆ. ಸ್ನಾನದ ಬಕೆಟ್ಟು, ನೀಲಿಯದು. ಎಳೆದೆ, ಬಡಿದೆ, ಬಯ್ದೆ. ಮೇಲಿನ ಮನೆ ಮೇಷ್ಟ್ರು ಇಳಿದುಬಂದು ಅವರೂ ಎಳೆದರು. ಹಿಡಿ ಕಿತ್ತು ಅವರ ಕೈಗೆ ಬಂತು, ಬಕೆಟ್ ಬರಲಿಲ್ಲ. "ಬಿಡಿ ಅಮ್ಮ, ಒಳಗೆ ಮಣ್ಣು ತುಂಬಿ ಗಿಡ ನೆಟ್ಟರಾಯ್ತು, ಯಾರಿಗೆ ಗೊತ್ತಾಗುತ್ತೆ?" ಅಂದರು. ಈಗ ಸ್ನಾನಕ್ಕೆ ಅನ್ನ ಮಾಡುವ ದೊಡ್ಡ ಪಾತ್ರೆ ಇಟ್ಟುಕೊಂಡಿದ್ದೇನೆ. ಅದರಲ್ಲಿ ಅನ್ನ ಮಾಡುವಷ್ಟು ಜನ ಈಗ ಮನೆಯಲ್ಲಿಲ್ಲವಲ್ಲ.

ನಾಲ್ಕನೆಯದು ಸರಿ ಬಂತು. ಐದು, ಆರೂ ಬಂದವು. ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆ. ಸಿಮೆಂಟು ಗಟ್ಟಿಯಾದ ಮೇಲೇ ಅದಕ್ಕೆ ಬಾಯಾರಿಕೆ ಜಾಸ್ತಿ ಅಂತೀಯಲ್ಲ, ಅದು ನೆನಪಿತ್ತು. ಮೂರನ್ನೂ ಸಾಲಾಗಿ ಇಟ್ಟು ಗಿಡದಂಗಡಿಯವನನ್ನು ಸೋಮವಾರ ಕರೆದು ತೋರಿಸಿದೆ. ಅವನು ಒಂದು ಸುತ್ತು ಬಂದ. ತಲೆ ಕೆರೆದುಕೊಂಡ. "ಅಜ್ಜಿ, ಬೇಜಾರ್ ಮಾಡ್ಕೋಬೇಡಿ, ಇದಕ್ಕಿಂತ ಆ ಬಕೆಟ್ಟೇ ಚೆನ್ನಾಗಿತ್ತು" ಅಂದ.

ನೆರಿಗೆಯೇ ಇರಲಿಲ್ಲ ತಂಗಿ. ಎಲ್ಲವನ್ನೂ ನೀವಿ ನೀವಿ ನೆಟ್ಟಗೆ ಮಾಡಿಬಿಟ್ಟಿದ್ದೆ. ಒದ್ದೆ ಬಟ್ಟೆಯಲ್ಲಿ ಸುಕ್ಕು ಕಂಡರೆ ನನಗೆ ತಡೆಯುವುದಿಲ್ಲ. ಸುಕ್ಕು ಬಿಟ್ಟರೆ ಸೂಪರ್‌ವೈಸರು ಬಯ್ಯುತ್ತಿದ್ದ. ನೀನು ಅದು ಹೇಗೆ ಬೀಳಬೇಕೋ ಹಾಗೆ ಬೀಳಲು ಬಿಡುತ್ತಿದ್ದೆ. ಗಾರೆ ಕೆಲಸಕ್ಕೆ ಹೋಗುತ್ತಿದ್ದವಳು, ತಲೆಯ ಮೇಲೆ ಬಾಣಲೆ ಹೊತ್ತವಳು, ನಿನಗೆ ಆ ನಾಜೂಕು ಎಲ್ಲಿಂದ ಬಂತೋ. ನಾನು ತಂದ ಹಳೇ ಟವೆಲ್ಲು, ನೀನು ಕಲಸಿದ ಸಿಮೆಂಟು. ಓರಗಿತ್ತಿಯರಿಬ್ಬರು ಮೂವತ್ತೊಂದು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡಿದ್ದೇವೆ ಅಂದರೆ ಲಾಡ್ಜಿನ ಹೆಂಗಸರು ನಂಬುತ್ತಿರಲಿಲ್ಲ. ನಮ್ಮ ಗಂಡಂದಿರು, ಅಣ್ಣ ತಮ್ಮ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಹೋದ ಮೇಲೂ ಒಲೆ ಎರಡಾಗಲಿಲ್ಲ. ನಾನು ಅದನ್ನು ಎಲ್ಲರೆದುರು ಜಂಬದಿಂದ ಹೇಳಿಕೊಳ್ಳುತ್ತಿದ್ದೆ.

ಹಾಗೆ ಹೇಳಿಕೊಂಡವಳೇ ಆ ದಿನ "ನನ್ನ ಮನೆ" ಅಂದೆ.

ಅಂದದ್ದು ನಿಜ, ಇಲ್ಲ ಅನ್ನುವುದಿಲ್ಲ. ಪೆಟ್ಟಿಗೆಯಲ್ಲಿ ಅವರ ಶಾಲು ಇರಲಿಲ್ಲ. ನಿನ್ನ ಭಾವ ಕೊನೆಯ ದಿನದವರೆಗೂ ಹೊದ್ದಿದ್ದ ಕಂದು ಶಾಲು. ಹಿತ್ತಿಲಲ್ಲಿ ನೋಡಿದರೆ ನಿನ್ನ ಹೊಸ ಕುಂಡ, ಸೊಂಟದೆತ್ತರದ್ದು, ದಪ್ಪ ಬಟ್ಟೆಯ ದೊಡ್ಡ ದೊಡ್ಡ ನೆರಿಗೆ. ಗಿಡದಂಗಡಿಯವನಿಗೆ ಮಾದರಿ ತೋರಿಸಲೆಂದು ಮಾಡಿದ್ದೆಯಲ್ಲ, ಅದು. ಟವೆಲ್ಲಿನಲ್ಲಿ ಅಷ್ಟು ದೊಡ್ಡದು ಆಗುವುದಿಲ್ಲ ಅಂತ ನನಗೂ ಗೊತ್ತು. ಬಟ್ಟೆಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿನ್ನ ಮಗಳು ಅವತ್ತು ತಾನೇ ಬಂದು ಚಪ್ಪಲಿ ಬಿಡುತ್ತಿದ್ದಳು. ಅವಳೆದುರೇ ಕೇಳಿದೆ. ನೀನು "ಅದು ಭಾವನ ಶಾಲಲ್ಲ ಅಕ್ಕಾ" ಅಂದೆ. ಮತ್ತೆ ಯಾವುದು ಅಂದೆ. ನೀನು ನೆಲ ನೋಡುತ್ತ ನಿಂತೆ. ಹಾಗೆ ನಿಂತದ್ದೇ ನನಗೆ ಸಾಕ್ಷಿಯಾಯಿತು. "ನನ್ನ ಮನೆಯಲ್ಲಿ ನನ್ನ ಕಣ್ಣೆದುರೇ ಕಳ್ಳತನ" ಅಂದೆ. ನಿನ್ನ ಮಗಳು ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿಕೊಂಡಳು. "ಅಮ್ಮಾ, ಬಟ್ಟೆ ಜೋಡಿಸ್ಕೋ" ಅಂದಳು. ನೀರು ಕೂಡ ಕುಡಿಯದೆ ಕರೆದುಕೊಂಡು ಹೋದಳು.

ಆ ದೊಡ್ಡ ಕುಂಡ ಈಗ ಇಲ್ಲ. ಒಡೆದಿದ್ದೇನೆ. ಎಷ್ಟು ಪದರ ಹಚ್ಚುತ್ತೀಯ, ಒಳಗೆ ಎಷ್ಟು ದಪ್ಪವಿರುತ್ತದೆ ಅಂತ ತಿಳಿದುಕೊಳ್ಳಲು.

ಸುಳ್ಳು. ಬರೆಯುವುದು ನಿಧಾನ ಅಂದೆನಲ್ಲ, ಸುಳ್ಳು ಬರೆದು ಮುಗಿಸುವುದರೊಳಗೆ ನನಗೇ ನಾಚಿಕೆಯಾಯಿತು. ನೀನು ಹೋದ ಮೂರನೇ ದಿನ ಒಡೆದೆ, ಈ ಕುಂಡಗಳ ಯೋಚನೆಯೇ ಇಲ್ಲದಾಗ. ಒಳಗಿರುವ ಕಂದು ದಾರ ಕಿತ್ತು ಲಕೋಟೆಯಲ್ಲಿ ಹಾಕಿ ನಿನ್ನ ಮಗಳಿಗೆ ಕಳಿಸಬೇಕು, ಆಗ ಆ ಹುಡುಗಿಯ ಬಾಯಿ ಮುಚ್ಚುತ್ತದೆ ಅಂತ. ಸುತ್ತಿಗೆಯಲ್ಲಿ ಹತ್ತು ಏಟು ಹಾಕಿದರೂ ಜಗ್ಗಲಿಲ್ಲ. ನಿನ್ನ ಕೆಲಸ ಅಷ್ಟು ಗಟ್ಟಿ. ಕೊನೆಗೆ ಒಂದು ಚೂರು ಹಾರಿತು. ಒಳಗೆ ಹಸಿರು.

ಹಸಿರು ಉಣ್ಣೆ, ಬಿಳಿ ಅಂಚು. ನಿನ್ನ ಹೊದಿಕೆ. ನಿನ್ನ ಮಗಳು ನರ್ಸು ಕೆಲಸಕ್ಕೆ ಸೇರಿದ ವರ್ಷ, ಮೊದಲನೇ ಸಂಬಳದಲ್ಲಿ ನಿನಗೆಂದು ತಂದುಕೊಟ್ಟದ್ದು.

ನಾನು ಆ ಚೂರು ಹಿಡಿದುಕೊಂಡು ಹಿತ್ತಿಲ ಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಅಡುಗೆಮನೆಯಲ್ಲಿ ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾಗಿ, ಮೇಷ್ಟ್ರು ಮೇಲಿಂದ "ಏನೋ ಸುಡ್ತಾ ಇದೆ ಅಮ್ಮಾ!" ಅಂತ ಕೂಗಿದರು. ಈ ಸಲದ ಚಳಿಯಲ್ಲಿ ನೀನು ಎರಡು ಹಳೇ ಬೆಡ್‌ಶೀಟು ಒಂದರ ಮೇಲೊಂದು ಹೊದ್ದು ಮುದುಡಿ ಮಲಗುತ್ತಿದ್ದೆ. ಹೊದಿಕೆ ಎಲ್ಲೇ ಅಂತ ಕೇಳಿದ್ದೆ. "ಈಗೀಗ ನಂಗೆ ಸೆಕೆ ಅಕ್ಕಾ" ಅಂದೆ. ಮುದುಕಿಯಾದೆ, ಮೈಯ ಲೆಕ್ಕ ತಪ್ಪಿದೆ ಅಂತ ನಿನ್ನನ್ನು ಆಡಿಕೊಂಡು ನಕ್ಕಿದ್ದೆ. ಮನೆಯಲ್ಲಿ ಇದ್ದದ್ದು ದೊಡ್ಡ ದಪ್ಪ ಬಟ್ಟೆ ಎರಡೇ. ಒಂದು ನನ್ನ ಪೆಟ್ಟಿಗೆಯ ಶಾಲು, ಇನ್ನೊಂದು ನಿನ್ನ ಹೊದಿಕೆ. ನೀನು ಪೆಟ್ಟಿಗೆ ಮುಟ್ಟಲಿಲ್ಲ. ಮಗಳೆದುರು ಅದನ್ನು ಹೇಳಲೂ ಆಗಲಿಲ್ಲ. ಅವಳ ಮೊದಲನೇ ಸಂಬಳವನ್ನು ಸಿಮೆಂಟಿನಲ್ಲಿ ಅದ್ದಿದ್ದೇನೆ ಅಂತ ಯಾವ ತಾಯಿ ಹೇಳುತ್ತಾಳೆ? ಅದಕ್ಕೇ ನೆಲ ನೋಡಿದೆ. ಕಳ್ಳತನದ ಮಾತನ್ನು ಬೇಕಾದರೂ ಹೊತ್ತುಕೊಂಡು ಹೋದೆ, ಅವಳ ಮನಸ್ಸು ನೋಯಿಸಲಿಲ್ಲ. ಈ ಪುಟ ಮಗಳಿಗೆ ತೋರಿಸಬೇಡ. ಹೊದಿಕೆಯನ್ನು ನಾನು ಲಾಂಡ್ರಿಯಲ್ಲಿ ಹಾಕಿ ಹಾಳು ಮಾಡಿದೆ ಅಂತ ಹೇಳು. ದೊಡ್ಡಮ್ಮನೇ ಹಾಳು ಮಾಡಿದ್ದು ಅಂದರೆ ಅವಳು ಎರಡು ಮಾತಿಲ್ಲದೆ ನಂಬುತ್ತಾಳೆ.

ಅವತ್ತೇ ಯಾಕೆ ಬರೆಯಲಿಲ್ಲ ಅಂತೀಯ. ಸರಿ, ಹೊದಿಕೆ ನಿನ್ನದು, ಹಾಗಾದರೆ ಶಾಲು ಎಲ್ಲಿ ಹೋಯಿತು ಅಂತ ಹಠ ಹಿಡಿದು ಕೂತಿದ್ದೆ. ನೀನೇ ಎಲ್ಲೋ ಎತ್ತಿಟ್ಟಿದ್ದೀಯ, ಯಾರಿಗೋ ಕೊಟ್ಟಿದ್ದೀಯ ಅಂತ. ಒಬ್ಬಳೇ ಇದ್ದರೆ ಹಠಕ್ಕೆ ಒಳ್ಳೆ ಜಾಗ ಸಿಗುತ್ತದೆ, ಕಾಲು ಚಾಚಿ ಮಲಗುತ್ತದೆ. ಶಾಲಿನ ವಿಷಯಕ್ಕೆ ಬರುತ್ತೇನೆ ಅಂದೆನಲ್ಲ, ಬರುತ್ತೇನೆ.

ಮೇಷ್ಟ್ರು ಈಗ ಪೇಪರು ಕೊಡಲು ಬಂದಿದ್ದರು. ಇವತ್ತು ಗುರುವಾರವಂತೆ. ಮೇಲೆ ತಿದ್ದಲು ಹೋಗಲಿಲ್ಲ, ಕಾಗದ ಗಲೀಜಾಗುತ್ತದೆ.

ಮನೆ ಹಾಗೇ ಇದೆ. ಬೆಳಿಗ್ಗೆ ಕಾಫಿಗೆ ಎರಡು ಲೋಟ ಇಡುತ್ತೇನೆ, ಎರಡನ್ನೂ ನಾನೇ ಕುಡಿಯುತ್ತೇನೆ. ಎರಡನೆಯದು ಆರಿರುತ್ತದೆ. ನಿನ್ನ ಹಾಸಿಗೆ ಸುತ್ತಿಟ್ಟಿಲ್ಲ. ಬೆಳಿಗ್ಗೆ ಎದ್ದು ಯಾರ ಜೊತೆಗಾದರೂ ಜಗಳವಾಡದಿದ್ದರೆ ನನ್ನ ಗಂಟಲು ತೆರೆದುಕೊಳ್ಳುವುದಿಲ್ಲ. ಈಗ ನಲ್ಲಿಯ ಜೊತೆ ಆಡುತ್ತೇನೆ. ಮೊನ್ನೆ ಅದನ್ನು ತಿರುಗಿಸಿಟ್ಟು ಹೋಗಿ ಹಿತ್ತಿಲೆಲ್ಲ ನೀರು ಹರಿಯಿತು. ಪುಣ್ಯಕ್ಕೆ ಕುಂಡಗಳಿಗೆ ಒಳ್ಳೆಯದೇ ಆಯಿತು. ಕೈ ಸುಟ್ಟಿದೆ, ಸಿಮೆಂಟು ತಿಂದುಹಾಕಿದೆ, ಬೆರಳ ಸಂದಿಯಲ್ಲೆಲ್ಲ ಸುಲಿದಿದೆ. ನಿನ್ನ ರಬ್ಬರ್ ಗ್ಲೌಸು ಮೊಳೆಯಲ್ಲೇ ನೇತಾಡುತ್ತಿತ್ತು. ಸೋಡಾ, ಬ್ಲೀಚಿನಲ್ಲಿ ಮುಳುಗೆದ್ದ ಕೈಗೆ ಇದೇನು ಅಂತ ಧಿಮಾಕು ಮಾಡಿದೆ. ಈಗ ಅದನ್ನು ಹಾಕಿಕೊಂಡೇ ಕೆಲಸ ಮಾಡುತ್ತೇನೆ. ನಿನ್ನ ಕೈ ನನ್ನದಕ್ಕಿಂತ ಚಿಕ್ಕದು, ಬೆರಳು ಪೂರ್ತಿ ಇಳಿಯುವುದಿಲ್ಲ.

ನಿನ್ನೆ ಏಳನೆಯದನ್ನು ಹೊದಿಸಿದೆ. ಸೋಮವಾರ ಅವನು ಬಂದು ನಕ್ಕು ಹೋದ ಮೇಲೆ ಇದೇ ಮೊದಲನೆಯದು. ಟವೆಲ್ಲಿನ ನಾಲ್ಕು ಮೂಲೆ ಇಳಿಬಿಟ್ಟು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ನಗಬೇಡ ಅಂದೆನಲ್ಲ. ನೀವಬೇಕು ಅನ್ನಿಸಿ ಅನ್ನಿಸಿ ಮೈ ಬೆವರಿತು. ಮುಟ್ಟಲಿಲ್ಲ. ಅದು ತನ್ನಷ್ಟಕ್ಕೆ ತಾನೇ ಒಂದು ಕಡೆ ಜಾರಿ, ಮಡಿಸಿಕೊಂಡು, ನಿಂತಿತು. ಚೆನ್ನಾಗಿದೆ ಅಂತಲೇ ಅನ್ನಿಸುತ್ತಿದೆ. ನಿನ್ನದರ ಹಾಗಲ್ಲ, ಆದರೂ ಗಿಡದಂಗಡಿಯವನು ಬಕೆಟ್ಟಿಗೆ ಹೋಲಿಸಲಾರ. ಸರಿಯಾದದ್ದು ಇದೊಂದೇ ಅಂತಿಟ್ಟುಕೊ. ಇನ್ನು ಎಂಟು ಬೇಕು, ಹದಿಮೂರು ದಿನ ಉಳಿದಿದೆ. ಹನ್ನೆರಡೋ ಏನೋ. ಒಬ್ಬಳಿಂದ ಆಗುವುದಿಲ್ಲ. ಇಬ್ಬರಿದ್ದರೆ ನಾಲ್ಕೈದು ದಿನದಲ್ಲಿ ಹೊದಿಸಿ ಮುಗಿಸಬಹುದು, ಉಳಿದ ದಿನ ನೀರು ಹಾಕಿದರೆ ಸಾಕು. ಕೆಲಸದ ಮಾತು ಹೇಳುತ್ತಿದ್ದೇನೆ, ಬೇರೇನೂ ಅಲ್ಲ.

ಬರುವುದಾದರೆ ಭಾನುವಾರದ ಬೆಳಗಿನ ಬಸ್ಸಿಗೆ ಬಾ. ಸ್ಟ್ಯಾಂಡಿಗೆ ಬಂದು ನಿಂತಿರುತ್ತೇನೆ. ಮೇಷ್ಟ್ರಿಗೆ ಹೇಳಿದ್ದೇನೆ, ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿ ಜ್ಞಾಪಿಸುತ್ತಾರೆ. ಬರುವುದಿಲ್ಲವಾದರೆ ಬರೆಯಬೇಡ, ಓದಲು ನನಗೆ ಪುರುಸೊತ್ತಿಲ್ಲ.

ಮಗಳಿಗೆ ನನ್ನ ಆಶೀರ್ವಾದ ತಿಳಿಸು. ಬೇಡ ಅಂದರೂ ತಿಳಿಸು.

ಇಂತಿ,
ನಿನ್ನ ಬಾಯಿಬಡುಕಿ ಅಕ್ಕ

ತಾಜಾ ಕಲಮು: ಶಾಲು ಸಿಕ್ಕಿತು. ಮೂಲೆ ಅಂಗಡಿಯ ರಫು ಮಾಡುವವನು ಭಾನುವಾರ ತಂದುಕೊಟ್ಟ. ಅವನ ತಾಯಿಗೆ ಹುಷಾರಿಲ್ಲದೆ ಊರಿಗೆ ಹೋಗಿದ್ದನಂತೆ, ಎರಡು ತಿಂಗಳು ಅಂಗಡಿ ಮುಚ್ಚಿತ್ತು. "ನೀವೇ ಕೊಟ್ಟಿದ್ರಲ್ಲ ಅಜ್ಜಿ, ಅಂಚು ಹರಿದಿದೆ, ಹುಷಾರಾಗಿ ಮಾಡು ಅಂತ ಹತ್ತು ಸಲ ಹೇಳಿದ್ರಿ" ಅಂದ. ನಾನು ಅವನ ಮೇಲೇ ಹರಿಹಾಯ್ದೆ. ಅವನು ಶಾಲಿಗೆ ಪಿನ್ನು ಹಾಕಿದ್ದ ಚೀಟಿ ತೋರಿಸಿದ. ಮನೆ ನಂಬರು, ಕೆಳಗೆ ಎರಡು ಗೆರೆ. ಲಾಡ್ಜಿನಲ್ಲಿ ಬರೆಯುತ್ತಿದ್ದ ಹಾಗೆಯೇ. ನನ್ನದೇ ಕೈ.

ಕೊಟ್ಟದ್ದು ನೆನಪಿಲ್ಲ ತಂಗಿ. ನಾಲ್ಕು ದಿನದಿಂದ ನೆನೆಸಿಕೊಳ್ಳುತ್ತಿದ್ದೇನೆ, ಇಷ್ಟೂ ನೆನಪಿಲ್ಲ. ಹಾಲು, ನಲ್ಲಿ, ಬುಧವಾರ, ಎಲ್ಲ ನೀನೇ ಕೂಡಿಸಿ ನೋಡು. ಶಾಲು ತೆಗೆದುಕೊಂಡು ಹೋದವಳು ಈ ಮನೆಯಲ್ಲೇ ಇದ್ದಾಳೆ. ಅವಳ ಜೊತೆ ಒಬ್ಬಳೇ ಇರಲು ನನಗೆ ಹೆದರಿಕೆ.

ಶಾಲನ್ನು ನಿನ್ನ ಹಾಸಿಗೆಯ ಮೇಲೆ ಇಟ್ಟಿದ್ದೇನೆ. ಎಲ್ಲಿಟ್ಟೆ ಅಂತ ನಾನು ಕೇಳಿದರೆ ಹೇಳು.

ಬರುವಾಗ ಸ್ನಾನಕ್ಕೆ ಒಂದು ಬಕೆಟ್ ತಾ.